ರುಖವತ್ತಿಗೆ ಇಟ್ಟ ವೇಫರ್ಸ್

ಗಂಗಾವತಿಯ ನನ್ನ ಮನೆಯಲ್ಲಿ ವೇಫರ್ಸ್ ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಮಗಳಿಗೆ ಅದು ಗುಲಾಬಿ ಕ್ರೀಮು ಮೆತ್ತಿದ ಪದರಿನ ಬಿಸ್ಕತ್ತು. ಕ್ರೀಮು ನೆಕ್ಕಿ ಉಳಿದದ್ದನ್ನು ನನ್ನ ತಟ್ಟೆಗೆ ಹಾಕುತ್ತಾಳೆ. ಗಂಡನಿಗೆ ಬೇಕರಿಯ ಪಾಕೀಟು. ಅರ್ಧ ಗಾಳಿ, ಅರ್ಧ ಉಪ್ಪು. ನನ್ನ ಜೊತೆ ಶಾಲೆಯಲ್ಲಿ ಕಲಿಸುವ ಟೀಚರು ಚರ್ಚಿನಲ್ಲಿ ನಾಲಿಗೆಯ ಮೇಲಿಡುವ ತೆಳ್ಳನೆಯ ಬಿಳಿ ಬಿಲ್ಲೆಗೂ ಅದೇ ಹೆಸರು ಎಂದರು. ಮೈದುನ ಬೇರೆ, ಮೊಬೈಲಿನ ಚಿಪ್ ತಯಾರಾಗುವ ಸಿಲಿಕಾನ್ ಹಾಳೆಯೂ ವೇಫರೇ ಎಂದು ಊಟದ ನಡುವೆ ಪಾಠ ಮಾಡಿದ. ಇದನ್ನೆಲ್ಲ ಗಿಣಿಗೇರಾದಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ಅವೆಲ್ಲ ಇರ್ಲಿ ಬಿಡು," ಎಂದಳು ಅವ್ವ. "ಬಟಾಟಿ ತೆಳ್ಳಗ ಹೆಚ್ಚಿ, ತುರಟಿ ನೀರಾಗ ಕುದಿಸಿ, ಬಿಸಲಾಗ ಒಣಗಿಸಿದ್ರ ಅದು ವೇಫರ್ಸ್. ಉಳಿದವ್ರು ಹೆಸರು ಕದ್ದಾರ."

ತುರಟಿ ಎಂದರೆ ಪಟಿಕ. ಅದನ್ನು ಹಾಕಿದರೆ ಆಲೂಗಡ್ಡೆ ಬೆಳ್ಳಗೆ ಉಳಿಯುತ್ತದೆ. ಆ ಬಿಳುಪಿನ ಬಗ್ಗೆ ಅವ್ವನಿಗೆ ಅವತ್ತು ತಲೆ ಕೆಟ್ಟಿತ್ತು. ಕಾರಣ, ತಂಗಿಯ ಮದುವೆ ಗೊತ್ತಾಗಿತ್ತು. ಹುಡುಗನ ಊರು ಕುಷ್ಟಗಿ, ಕೆಲಸ ಗಿಣಿಗೇರಾದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ. ನಿಶ್ಚಯದ ದಿನ ಅವನ ತಾಯಿ, ಅಂದರೆ ನಮ್ಮ ಬೀಗತಿ, "ನಮ್ಮ ಹುಡುಗ ಆಫೀಸಿನಾಗ ಫ್ಯಾನಿನ ಕೆಳಗ ಕುಂದ್ರತಾನ್ರಿ" ಎಂದು ಹೇಳಿ, ಚಹಾ ಕುಡಿಯುತ್ತ ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತು ಸೇರಿಸಿದ್ದರು: "ನಿಮ್ಮೂರಾಗ ಹಾಲು ಕಾಯಾಕ ಇಟ್ರ ಚಾ ಆಗಿ ಇಳೀತೈತಂತ, ಖರೇ ಏನ್ರಿ?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ಆದರೆ ಹಲ್ಲಷ್ಟೇ ಕಂಡವು. ಕಾರ್ಖಾನೆಗಳಿಂದ ನಮ್ಮೂರಿನ ಮೇಲೆ ಬೀಳುವ ಕರಿ ಧೂಳು ಸುಳ್ಳಲ್ಲವಲ್ಲ, ಏನು ಉತ್ತರ ಕೊಡುತ್ತಾಳೆ? ಉತ್ತರವನ್ನು ರುಖವತ್ತಿನಲ್ಲಿ ಕೊಡುವುದೆಂದು ನಿರ್ಧರಿಸಿದಳು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಉಂಡಿ, ಶಾವಿಗೆ, ಹಪ್ಪಳ, ಸಂಡಿಗೆಗಳನ್ನು ಬುಟ್ಟಿಗಳಲ್ಲಿ ಜೋಡಿಸಿ ಗಂಡಿನ ಕಡೆ ಹೆಂಗಸರ ಮುಂದೆ ಇಡುವುದೇ ರುಖವತ್ತು. ಅವರು ಒಂದೊಂದೇ ಬುಟ್ಟಿಯ ಬಟ್ಟೆ ಸರಿಸಿ ಕೊಂಕು ಹುಡುಕುವುದು ಪದ್ಧತಿ. ಅಲ್ಲಿ ಮಲ್ಲಿಗೆಯಂಥ ವೇಫರ್ಸ್ ಇಟ್ಟು ಬೀಗತಿಯ ಬಾಯಿ ಮುಚ್ಚಿಸಬೇಕಿತ್ತು ಅವ್ವನಿಗೆ.

ಗಿಣಿಗೇರಾದ ಮಾಳಿಗೆಯನ್ನು ನಂಬುವಂತಿರಲಿಲ್ಲ. ಹಾಗಾಗಿ ಒಂದು ಚೀಲ ಬಟಾಟಿಯ ಜೊತೆ ನನ್ನನ್ನೂ ಹೊರಡಿಸಿಕೊಂಡು ಸಾಣಾಪುರದ ಚಿಕ್ಕವ್ವನ ಮನೆಗೆ ಬಂದಳು. ಅಲ್ಲಿ ಗಾಳಿ ಸ್ವಚ್ಛ, ಕೆರೆಯ ಹತ್ತಿರದ ಬಂಡೆಗಳು ಕಾದ ಹಂಚು. ಬೆಳಿಗ್ಗೆಯೇ ಹೆಚ್ಚಿ ಕುದಿಸಿ, ಬಂಡೆಯ ಮೇಲೆ ಹಳೆಯ ಸೀರೆ ಹಾಸಿ ಹರವಿದೆವು. ಬೆನ್ನು ಮುರಿದು ಹೋಯಿತು ನನಗೆ. ಚಿಕ್ಕವ್ವ ಅವ್ವನ ಕೈಗೆ ಒಂದು ಕೋಲು ಕೊಟ್ಟು ಮನೆಗೆ ಹೋದಳು.

ಅವ್ವನಿಗೆ ಗೊತ್ತಿದ್ದ ವೈರಿ ಒಂದೇ, ಅದು ಆಕಾಶದಿಂದ ಬರುವಂಥದ್ದು. ಗಿಣಿಗೇರಾ ಇರುವುದು ಪಶ್ಚಿಮಕ್ಕೆಂದು ನಾವಿಬ್ಬರೂ ಪಶ್ಚಿಮಕ್ಕೆ ಮುಖ ಮಾಡಿ, ವೇಫರ್ಸ್‌ಗೆ ಬೆನ್ನು ಹಾಕಿ ಕುಳಿತೆವು. ಅಷ್ಟು ದೂರದಿಂದ ಧೂಳು ಬರುತ್ತದೆಯೇ ಎಂದು ಕೇಳಿದರೆ, "ಬಂದ ಮ್ಯಾಲ ಬಡಕೊಂಡ್ರ ಏನ್ ಬಂತು? ಸುಮ್ಮನ ನೋಡು," ಎಂದಳು. ಕೆರೆ ನೋಡಲು ಬಂದ ಪ್ರವಾಸಿಗಳು ಸ್ವಲ್ಪ ಹೊತ್ತಿನಲ್ಲಿ ನಮ್ಮ ಕಡೆ ಮೊಬೈಲು ಹಿಡಿದು ಜೋರಾಗಿ ಕೈ ಬೀಸತೊಡಗಿದರು.

"ಫೋಟೋ ತಗೀತಾರ, ಸೆರಗು ಸರಿ ಮಾಡ್ಕೊ," ಎಂದಳು ಅವ್ವ. ನಾನು ಮಾಡಿಕೊಂಡೆ. ಪಾಪ, ಅವರು ತೋರಿಸುತ್ತಿದ್ದದ್ದು ನಮ್ಮ ಹಿಂದೆ ಸಾಲಾಗಿ ಕುಳಿತು ಊಟ ಮಾಡುತ್ತಿದ್ದ ಮಂಗಗಳನ್ನು.

ಓಡಿ ಬಂದ ಚಿಕ್ಕವ್ವ ತಲೆ ಚಚ್ಚಿಕೊಂಡಳು. "ಕೈಯಾಗ ಕೋಲು ಕೊಟ್ಟಿದ್ನೆಲ್ಲ ಯಕ್ಕಾ, ಯಾಕ ಅಂದ್ಕೊಂಡಿದ್ದಿ?"

"ಗಾಳಿಗಿ ಸೀರಿ ಹಾರಬಾರ್ದಂತ ಅದರ ಮ್ಯಾಲ ಇಟ್ಟಿದ್ದೆ," ಎಂದಳು ಅವ್ವ. ಒಂದು ಮಂಗ ಆ ಸೀರೆಯನ್ನೂ ಎಳೆದುಕೊಂಡು ಬಂಡೆ ಹತ್ತಿತ್ತು.

ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಬೇಕರಿಯದನ್ನು ತಂದು ಬುಟ್ಟಿಗೆ ಸುರಿಯೋಣವೆಂದೆ. "ಹಂಗಾರ ಅಡಿಗಿನೂ ಬೇಕರ್‍ಯಾಗ ಮಾಡ್ಸು," ಎಂದು ಸಿಡುಕಿ, ಅವ್ವ ಗಿಣಿಗೇರಾದ ಮಾಳಿಗೆಯ ಮೇಲೆಯೇ ಮತ್ತೆ ಹರವಿದಳು. ಮೇಲೆ ಎರಡು ತೆಳು ಪಂಜೆ ಮುಚ್ಚಿದಳು. ಗಾಳಿ ತಿರುಗಿತು, ಪಂಜೆ ಸರಿಯಿತು, ಅರ್ಧ ಒಣಗಿದ ವೇಫರ್ಸ್ ಮೇಲೆ ಕರಿ ಚುಕ್ಕೆಗಳು ಕೂತವು. ಒರೆಸಿದರೆ ಬಳಿದುಕೊಂಡವು. ನನಗೂ ಸಿಟ್ಟು ಬಂದು, "ಆ ಹೆಂಗಸಿನ ಒಂದು ಮಾತಿಗಿ ಎಷ್ಟು ಬಡದಾಡ್ತೀಯವ್ವಾ?" ಎಂದು ಕೂಗಾಡಿದೆ. ಅವ್ವ ಅಳುತ್ತ ಅವನ್ನೇ ಒಣಗಿಸಿ ಬುಟ್ಟಿಗೆ ತುಂಬಿದಳು.

ಮದುವೆಯ ದಿನ ಆ ಬುಟ್ಟಿಯನ್ನು ಶಾವಿಗೆಯ ದೊಡ್ಡ ಬುಟ್ಟಿಯ ಹಿಂದೆ ಅಡಗಿಸಿ ಇಟ್ಟಳು. ಬೀಗತಿ ಬಂದರು, ಉಂಡಿ ನೋಡಲಿಲ್ಲ, ಶಾವಿಗೆ ನೋಡಲಿಲ್ಲ. ಬಗ್ಗಿ, ಕೈ ಚಾಚಿ, ನೇರವಾಗಿ ಅದೇ ಬುಟ್ಟಿಯನ್ನು ಎಳೆದರು. ಎಂಥ ಕಣ್ಣೋ ಮಾರಾಯ್ತಿಯದು! ಒಂದು ವೇಫರ್ ತೆಗೆದು ಅದರ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು. ಕುಷ್ಟಗಿಯ ಹೆಂಗಸರೆಲ್ಲ ನಗಲು ತಯಾರಾಗಿ ಅವರ ಬಾಯಿಯನ್ನೇ ನೋಡುತ್ತಿದ್ದರು. ಅವ್ವ ನೆಲ ನೋಡುತ್ತಿದ್ದಳು.

ಬೀಗತಿ ಅವ್ವನ ಪಕ್ಕಕ್ಕೆ ಬಂದು ಕುಳಿತರು. ಅವ್ವನಿಗೆ ಮತ್ತು ಹಿಂದೆಯೇ ಇದ್ದ ನನಗಷ್ಟೇ ಕೇಳುವಷ್ಟು ಮೆಲ್ಲಗೆ ಮಾತಾಡಿದರು. "ಮಗ ಆಫೀಸಿನಾಗ ಅದೇನಿ ಅಂತ ಹೇಳ್ಯಾನ್ರಿ. ವಾರಕ್ಕೊಮ್ಮಿ ಊರಿಗಿ ಬರುವಾಗ ಅಂಗಿ ತರ್ತಾನ. ಒಗದ್ರ ಇದ ಕರಿ ಬಿಡ್ತೈತಿ. ಎಷ್ಟು ತಿಕ್ಕಿದ್ರೂ ಹೋಗವಲ್ದು. ಅವನ್ನ ಕೇಳಾಕ ಬಾಯಿ ಬರವಲ್ದು."

ಅವ್ವ ತಲೆ ಎತ್ತಿದಳು. ಬೀಗತಿಯ ಬೆರಳನ್ನು ತನ್ನ ಹೊಸ ಸೀರೆಯ ಸೆರಗಿನಿಂದಲೇ ಒರೆಸಿದಳು.

"ಮೊದಲ ಬರೇ ನೀರಾಗ ಜಾಡಸ್ರಿ, ಸೋಪ ಆಮ್ಯಾಲ ಹಚ್ಚರಿ," ಎಂದಳು. "ಕೇಳಾಕ ಮಾತ್ರ ಹೋಗಬ್ಯಾಡ್ರಿ. ನಾನೂ ಇಂಥಾ ಅಂಗಿ ಇಪ್ಪತ್ತು ವರ್ಷ ಒಗದೇನಿ, ಇವರಪ್ಪನ್ನ ಒಂದಿನಾನೂ ಕೇಳಿಲ್ಲ."

ನಮ್ಮಪ್ಪ ಕಾರ್ಖಾನೆಯ ಆಫೀಸಿನಲ್ಲಿದ್ದರು ಎಂದು ಅಲ್ಲಿಯವರೆಗೂ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ.