ಬಂಡೆಮ್ಮ ನಕ್ಕರೆ ಬೋರ್ಡಿಗೆ ಸುದ್ದಿ

೨೦೨೪ರ ನವೆಂಬರ್ ೧೬, ಶನಿವಾರ, ಬೆಳಗಿನ ಐದು ಗಂಟೆ ಐವತ್ತು ನಿಮಿಷ. ಹೈದರಾಬಾದಿನ ಮಣಿಕೊಂಡದಲ್ಲಿ, ಒಂದು ವೈನ್ ಅಂಗಡಿಯ ಮುಂದೆ ಪೈಪ್ ಹೂಳಲು ಅಗೆದ ಗುಂಡಿಯೊಳಗೆ ಕಲ್ಯಾಣಪ್ಪ ಇಳಿದಿದ್ದಾರೆ. ರಸ್ತೆಯಿಂದ ನೋಡಿದರೆ ಕಾಣುವುದು ಅವರ ಉಣ್ಣೆ ಟೋಪಿಯ ತುದಿ ಮಾತ್ರ. ಕೈಯಲ್ಲಿ ಅಳತೆ ಟೇಪು. ಒಂದು ತುದಿಯನ್ನು ತಳಕ್ಕೊತ್ತಿ, ಇನ್ನೊಂದನ್ನು ರಸ್ತೆಯಂಚಿಗೆ ಹಿಡಿದು, ಕಣ್ಣು ಕಿರಿದಾಗಿಸಿ ನೋಡುತ್ತಾರೆ. "ಆತು" ಎಂದುಕೊಂಡು ಮೇಲೇರುತ್ತಾರೆ.

ಅಂಗಡಿಯ ಮೆಟ್ಟಿಲ ಮೇಲೆ ಕರಿಹಲಗೆ ಕಾದಿದೆ. ಪಕ್ಕದಲ್ಲಿ ಒದ್ದೆ ಬಟ್ಟೆ, ಸಕ್ಕರೆ ನೀರಿನಲ್ಲಿ ಅದ್ದಿಟ್ಟ ಬಳಪ. ಸಕ್ಕರೆ ನೀರು ಹೀರಿದ ಬಳಪದ ಅಕ್ಷರ ಒಮ್ಮೆ ಒಣಗಿತೆಂದರೆ ರಸ್ತೆಯ ಧೂಳಿಗೆ ಸುಲಭವಾಗಿ ಜಗ್ಗುವುದಿಲ್ಲ.

ಈ ಹಲಗೆಯನ್ನು ಓದಿ ನಗುವವರು ಬಹಳ, ಬರೆಯುವ ಕೈಯನ್ನು ಕಂಡವರು ಕಡಿಮೆ. ಮದ್ಯದ ಜಾಹೀರಾತು ಹಾಕುವಂತಿಲ್ಲವಾದ್ದರಿಂದ ಮಾಲೀಕ ಸೂರಜ್ ಕಂಡುಕೊಂಡ ದಾರಿ, ಅಂದಂದಿನ ಸುದ್ದಿಗೆ ಒಂದೆರಡು ಸಾಲಿನ ನಗೆ. ಮೇಲೆ ತೆಲುಗು, ಕೆಳಗೆ ಹಿಂದಿ. ಯಾರ ಹೆಸರೂ ಇಲ್ಲ, ಪಕ್ಷವಿಲ್ಲ, ದೇವರಿಲ್ಲ. ಉಳಿದದ್ದೆಲ್ಲ ನಡೆಯುತ್ತದೆ. 'ಟೊಮೆಟೊ ನೂರು ದಾಟಿದೆ. ನಮ್ಮ ಬ್ಯಾಟರುಗಳು ನೋಡಿ ಕಲಿಯಲಿ' ಎಂಬುದು ಜನ ಈಗಲೂ ನೆನೆಯುವ ಸಾಲು. 'ಚಳಿಗಾಲದ ಅಧಿವೇಶನ ನಮ್ಮ ಮನೆಯಲ್ಲಿ ಆಗಲೇ ಶುರು. ಮೊದಲು ಸ್ನಾನಕ್ಕೆ ಯಾರು ಎಂಬ ಚರ್ಚೆ ನಾಳೆಗೆ ಮುಂದೂಡಿಕೆ' ಎಂಬುದು ಇದೇ ತಿಂಗಳಿನದು.

ಕಲ್ಯಾಣಪ್ಪನವರಿಗೆ ಐವತ್ತಾರು. ಊರು ಸೇಡಂ ಸೀಮೆ. ಒಂದು ಕಾಲಕ್ಕೆ ಸಿಮೆಂಟು, ಬನಿಯನ್ನು, ಬೀಡಿಯ ಜಾಹೀರಾತುಗಳನ್ನು ಗೋಡೆಗೋಡೆಗೆ ಬರೆದವರು. ಫ್ಲೆಕ್ಸ್ ಬಂದು ಕುಂಚ ಒಣಗಿದಾಗ ಜೀಡಿಮೆಟ್ಲಾದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಡ್ರಮ್ಮುಗಳ ಮೇಲೆ ಬರೆಯುವ ಕೆಲಸ ಹಿಡಿದರು. "ಎಂಟು ವರ್ಷ ಒಂದss ಶಬ್ದ ಬರದೇನ್ರಿ. ಅಪಾಯ, ಅಪಾಯ, ಅಪಾಯ. ಕಡೀಕ ಹೆಂಡತಿ ಕರದ್ರೂ ಅಂಜಿಕಿ ಬರಾಕತ್ತಿತ್ತು" ಎಂದು ನಗುತ್ತಾರೆ. ವೈನ್ ಅಂಗಡಿಗೆ ಬಂದದ್ದು ಗಾಜಿನ ಲೋಟ ತೊಳೆಯಲು. ಅವರ ಕೈಬರಹ ಕಂಡ ಸೂರಜ್ ಬಳಪವನ್ನೂ ಕೊಟ್ಟರು.

ಲೋಟದ ಕೆಲಸವೂ ಉಳಿದಿದೆ. ಪ್ರತಿ ಶನಿವಾರ ಸಂಜೆ ಒಳಗೆ ವೈನಿನ ರುಚಿ ನೋಡುವ ಕೂಟ. ಹನ್ನೆರಡು ಮಂದಿ, ತಲಾ ಮೂರು ಲೋಟ. ಇಲ್ಲಿಯ ಕಟ್ಟಳೆ ಒಂದೇ. ಪುಸ್ತಕದ ಮಾತು ಆಡಬಾರದು, ರುಚಿಯನ್ನು ಚಿಕ್ಕಂದಿನಲ್ಲಿ ತಿಂದದ್ದಕ್ಕೇ ಹೋಲಿಸಿ ಹೇಳಬೇಕು. ಒಬ್ಬರು ಉಪ್ಪು ಸವರಿದ ನೇರಳೆ ಎಂದರೆ ಇನ್ನೊಬ್ಬರು ಗೋಂಗೂರ ಸೊಪ್ಪಿನ ಚಟ್ನಿ ಎನ್ನುತ್ತಾರೆ. ಹೇಳಿದ್ದನ್ನೆಲ್ಲ ಕಲ್ಯಾಣಪ್ಪ ಸಣ್ಣ ಸ್ಲೇಟಿನಲ್ಲಿ ಬರೆದು ಬಾಟಲಿಯ ಕೊರಳಿಗೆ ತೂಗುಹಾಕುತ್ತಾರೆ. ಅವರನ್ನು ಕೇಳಿದರೆ? "ನನಗ ಎಲ್ಲಾನೂ ಕೆಮ್ಮಿನ ಔಷಧ ಇದ್ದಂಗ ಅನಸ್ತೈತ್ರಿ. ಕೆಂಪಂದು ದೊಡ್ಡವರದು, ಬಿಳೀದು ಸಣ್ಣ ಮಕ್ಕಳದು."

ಹಲಗೆಗೆ ಇನ್ನೊಂದು ಗುಟ್ಟಿನ ಕಟ್ಟಳೆಯಿತ್ತು. ರಸ್ತೆ ಅಗೆಯುವ ಯಾದಗಿರಿ ಕಡೆಯ ತಂಡ ಬೆಳಿಗ್ಗೆ ಅಂಗಡಿಯ ನಲ್ಲಿಯಲ್ಲಿ ನೀರು ತುಂಬಿಸಿಕೊಳ್ಳುತ್ತಿತ್ತು. ತಂಡದ ಬಂಡೆಮ್ಮನಿಗೆ ಓದು ಬಾರದು. ಕಲ್ಯಾಣಪ್ಪ ಅವತ್ತಿನ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆಕೆ ನಕ್ಕರೆ ಹಲಗೆಗೆ ಏರುತ್ತಿತ್ತು, ಇಲ್ಲವಾದರೆ ಇಲ್ಲ. "ಆಕಿ ಸುಮ್ ಸುಮ್ನ ನಗಾಕಿ ಅಲ್ರಿ. ಆಕಿ ನಕ್ರ ಊರss ನಗ್ತೈತಿ."

ಹೋದ ಶನಿವಾರ ತಂಡ ತಡವಾಗಿ ಬಂತು. ಕಲ್ಯಾಣಪ್ಪ ಕಾಯದೆ ಬರೆದುಬಿಟ್ಟರು: 'ಮೂರನೇ ಸಲ ಅಗೆತ. ಏನು ಕಳೆದುಕೊಂಡಿದ್ದೀರಿ ಹೇಳಿ, ನಾವೂ ಹುಡುಕುತ್ತೇವೆ.'

ಸಂಜೆ ಕೂಟಕ್ಕೆ ಬಂದ ಸಿಂಚನಾ, ಮೈಸೂರಿನ ಐಟಿ ಹುಡುಗಿ, ಅದನ್ನು ಗೆಳತಿಯರಿಗೆ ಕನ್ನಡದಲ್ಲಿ ಜೋರಾಗಿ ಹೇಳಿ ನಕ್ಕಳು. ಗುಂಡಿಯೊಳಗಿದ್ದ ಬಂಡೆಮ್ಮ ಹಾರೆ ಬಿಟ್ಟು ಮೇಲೆ ಬಂದಳು.

"ಅಣ್ಣಾ, ಅಗದು ಅಗದು ನಾವು ಕಳಕೊಂಡಿದ್ದು ಸ್ವಂಟಾ. ಹುಡುಕಿ ಸಿಕ್ರ ಕೊಡು."

ಅಷ್ಟೇ. ಮರುದಿನದಿಂದ ತಂಡದ ಕೊಡಗಳು ದೂರದ ಅಪಾರ್ಟ್‌ಮೆಂಟಿನ ಗೇಟಿಗೆ ಹೋದವು. ವಾರವಿಡೀ ಹಲಗೆಯಲ್ಲಿ ಬಂದದ್ದು 'ಶುಭೋದಯ' ಮಾತ್ರ. "ಕ್ಯಾ ಕಲ್ಯಾಣ್ ಭಾಯ್, ಬೋರ್ಡ್ ಕೋ ಬುಖಾರ್ ಆಯಾ ಕ್ಯಾ?" ಎಂದು ಸೂರಜ್ ಹಲಗೆಯ ಹಣೆ ಮುಟ್ಟಿ ಜ್ವರ ನೋಡಿದರು.

"ಅಗಿಯವ್ರ ಮ್ಯಾಲ ನಕ್ಕೆ. ನಗಬೇಕಾದ್ದು ಅಗಿಸವ್ರ ಮ್ಯಾಲ" ಎನ್ನುತ್ತ ಕಲ್ಯಾಣಪ್ಪ ಈಗ ಒದ್ದೆ ಹಲಗೆಯ ಮೇಲೆ ಬರೆಯತೊಡಗುತ್ತಾರೆ. ಬರೆದು ಮುಗಿಸುವ ಹೊತ್ತಿಗೆ ತಂಡ ಬರುತ್ತದೆ. ಬಂಡೆಮ್ಮ ಕೊಡ ಹಿಡಿದು ನಲ್ಲಿಯತ್ತ ನೋಡದೆ ದಾಟುತ್ತಾಳೆ.

"ತಂಗೀ, ಕೇಳಿ ಹೋಗಬೇ. ನಗಬ್ಯಾಡ ಬೇಕಾದ್ರ."

"ನಗೂ ಮಾತು ನಿನ್ನ ಹಂತ್ಯಾಕ ಎಲ್ಲೈತಿ ತಗೋ!" ಎನ್ನುತ್ತಾಳೆ, ಆದರೆ ನಿಲ್ಲುತ್ತಾಳೆ.

ಕಲ್ಯಾಣಪ್ಪ ಗಂಟಲು ಸರಿಮಾಡಿಕೊಂಡು ಓದುತ್ತಾರೆ: 'ಈ ವಾರ ಕೊಟ್ಟ ಮಾತು ಉಳಿಸಿಕೊಂಡವರು ಈ ರಸ್ತೆಯಲ್ಲಿ ಒಂದೇ ತಂಡ. ಅಗೆಯುತ್ತೇವೆ ಎಂದದ್ದು ಐದು ಅಡಿ. ಅಗೆದದ್ದು ಐದು ಅಡಿ.'

ಬಂಡೆಮ್ಮನ ಮುಖ ಸಡಿಲಾಗುವುದಿಲ್ಲ. "ಅಳದು ನೋಡಿಯೋ, ಇಲ್ಲಾ ಮ್ಯಾಲ ನಿಂತು ಬರದೀಯೋ?"

"ಇಳದು ಅಳದೀನವ್ವಾ. ಐದಡೀ ಮ್ಯಾಲ ಒಂದೀಟು ಬಂತು. ಸಾಲು ಚಂದ ಕೂಡ್ಲಿ ಅಂತ ಬಿಟ್ಟೆ."

"ಬಿಟ್ಟೀ? ಆ ಒಂದೀಟಿನ್ಯಾಗ ಬಂಡಿಗಲ್ಲು ಇತ್ತೋ ಮಾರಾಯಾ! ಹಾರಿಯ ತುದಿ ಮಣದು ಹೋತು. ನಿನ್ನ ಸಾಲು ಚಂದ ಕಾಣ್ಲಿ ಅಂತ ನನ್ನ ಕಲ್ಲು ನುಂಗತೀಯೇನು?"

ಹೇಳಿ ಮುಗಿಸುವಷ್ಟರಲ್ಲಿ ಆಕೆಗೇ ನಗು ಬರುತ್ತದೆ. ಹಿಂದಿದ್ದವರೂ ನಗುತ್ತಾರೆ. ನಗುತ್ತಲೇ ಕೊಡವನ್ನು ಅಂಗಡಿಯ ನಲ್ಲಿಯ ಕೆಳಗಿಟ್ಟು, "ಮದ್ಲ ಅದನ್ನ ಬರಿ. ಆಮ್ಯಾಲ ನೀರು ಬಿಡು" ಎನ್ನುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಕಲ್ಯಾಣಪ್ಪ ಕೊಡದತ್ತ ಕೈ ತೋರಿಸುತ್ತಾರೆ. "ಅದು ದಿನಾ ಇಲ್ಲೇ ತುಂಬಲ್ರಿ. ಸಾಕು." ಮತ್ತೆ ಬಳಪ ಅದ್ದುತ್ತಾರೆ. ಕೊನೆಯ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗೋಡೆಗೆ ಬರೆಯುತ್ತಿದ್ದ ಕಾಲದ ದಪ್ಪ ಅಕ್ಷರಗಳಲ್ಲಿ ತಿದ್ದುತ್ತಾರೆ: ಅಗೆದದ್ದು ಐದು ಅಡಿ ಎರಡು ಇಂಚು.