ನಾಲಿಗೆಗೆ ನಾಟಿದ ಗಾಜಿನೆಳೆ

ಇಂಟರ್ನೆಟ್ಟಿನ ಬೆಳಕು ಹರಿಯುವ ಗಾಜಿನೆಳೆ, ಅಂದರೆ ಫೈಬರ್, ಜೋಡಿಸುವ ತಂಡದಲ್ಲಿ ಮೇಸ್ತ್ರಿಯ ಬೆನ್ನ ಹಿಂದೆ ಎಲ್ಲರೂ ಅವನನ್ನು ಊದಪ್ಪ ಎನ್ನುತ್ತಿದ್ದರು. ಎಳೆಯ ತುದಿಯನ್ನು ಯಂತ್ರಕ್ಕೆ ಸಿಕ್ಕಿಸುವ ಮೊದಲು ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಅವನು ಬಾಯಿಂದ ‘ಫೂ’ ಎಂದು ಊದಿ, ಅಂಗಿಗೆ ಒಂದು ಸಲ ಉಜ್ಜಿ ಕೈತೊಳೆದುಕೊಳ್ಳುತ್ತಿದ್ದ. ಉಗುಳಿನ ಹನಿ ಕೂತು ಲೈನು ಮಂಕಾದರೆ ಮಾಲೇ ಸರಿಯಿಲ್ಲವೆಂದು ಬೈಯುತ್ತಿದ್ದ. ಇಂಥವನ ಕೈಕೆಳಗೆ ದುಡಿಯುವುದೇ ಒಂದು ಶಿಕ್ಷೆ. ಅವನು ಅಕ್ಕನ ಗಂಡನೂ ಆಗಿಬಿಟ್ಟರೆ ಕೇಳುವುದೇ ಬೇಡ. ಅದೇ ತಂಡದಲ್ಲಿದ್ದ ಅವನ ನಾದಿನಿಯ ಪಾಡು ಅದೇ ಆಗಿತ್ತು.

ಅವಳು ಪರೀಕ್ಷೆ ಬರೆದು, ಕೈಕೆಲಸ ತೋರಿಸಿ ಸೇರಿದವಳು. ಆದರೂ ಸಿಕ್ಕಸಿಕ್ಕವರಿಗೆಲ್ಲ ಊದಪ್ಪ, “ಇವಳಿಗೆ ಕೆಲಸ ಕೊಡಿಸಿದ್ದೇ ನಾನು” ಎಂದು ಡಂಗುರ ಸಾರುತ್ತಿದ್ದ. ಅವಳು ತನ್ನ ಕೆಲಸ ಮುಂದುವರಿಸುತ್ತಿದ್ದಳು. ಬಾಯಿ ತೆರೆದರೆ ಅಕ್ಕನ ಮನೆಯಲ್ಲಿ ಅದರ ಪ್ರತಿಧ್ವನಿ ಏಳುತ್ತಿತ್ತು.

“ಭಾವ, ಲೇಸರ್ ಆನ್ ಇದೆ. ತುದೀಲಿ ಇಣುಕಬೇಡಿ,” ಎಂದು ಒಮ್ಮೆ ಹೇಳಿ ನೋಡಿದ್ದಳು.

“ಬೆಳಕೇ ಕಾಣ್ತಿಲ್ಲವಲ್ಲ ಮಾರಾಯ್ತಿ!”

“ಅದು ಕಣ್ಣಿಗೆ ಕಾಣೋದಿಲ್ಲ. ಆದ್ರೆ ಕಣ್ಣು ಸುಡುತ್ತೆ.”

“ಕಾಣದೇ ಇರೋದು ಸುಡುತ್ತಂತೆ!” ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಂದಿನಿಂದ ಅವನು ಯಂತ್ರಗಳಿಟ್ಟ ರ‍್ಯಾಕಿನ ಹತ್ತಿರ ಹೋಗುವ ಮೊದಲೇ ಅವಳು ಅಲ್ಲಿನ ಲೈನನ್ನು ಆಫ್ ಮಾಡಿಸಿಡತೊಡಗಿದಳು. ಅವನ ಮೇಲಿನ ಮಮತೆಯಿಂದಲ್ಲ. ಕುರುಡನಾದರೆ ಕೈಹಿಡಿದು ನಡೆಸಬೇಕಾದವಳು ಅಕ್ಕ ಎಂಬ ಒಂದೇ ಕಾರಣಕ್ಕೆ.

ದೊಡ್ಡ ಕಚೇರಿಯೊಂದರ ನೆಲಮಾಳಿಗೆಯಲ್ಲಿ ಹೊಸ ಯಂತ್ರಗಳಿಗೆ ಸಂಪರ್ಕ ಕೊಡುವ ಕೆಲಸ ಬಂತು. ಕಿಟಕಿಯಿಲ್ಲದ ತಣ್ಣನೆಯ ಕೋಣೆ, ಗುಂಯ್‌ಗುಡುವ ಫ್ಯಾನುಗಳು, ಆಳೆತ್ತರದ ರ‍್ಯಾಕುಗಳು. ನಾದಿನಿ ಕಪ್ಪು ಚಾಪೆ ಹಾಸಿ, ಕನ್ನಡಕ ಹಾಕಿಕೊಂಡು, ಕತ್ತರಿಸಿದ ಎಳೆಯ ತುಣುಕುಗಳನ್ನು ಅಂಟುಪಟ್ಟಿಯಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕುತ್ತಿದ್ದಳು. ಆ ತುಣುಕುಗಳು ಕೂದಲಿಗಿಂತ ಸಪೂರ. ಚರ್ಮದೊಳಗೆ ಹೊಕ್ಕರೆ ಹುಡುಕಿದರೂ ಸಿಗುವುದಿಲ್ಲ. ಊದಪ್ಪ ಅದೇ ಚಾಪೆಯ ಮೇಲೆ ಬಾಳೆಹಣ್ಣಿನ ಸಿಪ್ಪೆ ಇಟ್ಟಿದ್ದ.

ಅಷ್ಟರಲ್ಲಿ ಕಟ್ಟಡದ ಮ್ಯಾನೇಜರಮ್ಮ ಕೆಲಸ ನೋಡಲು ಇಳಿದು ಬಂದರು. ನೋಡುವವರು ಸಿಕ್ಕರೆ ಸಾಕು, ಊದಪ್ಪನಿಗೆ ಮೈಮೇಲೆ ಬಂದಂತಾಗುತ್ತಿತ್ತು. “ಈ ಕೈಯಲ್ಲಿ ಎಷ್ಟು ಲೈನು ಎಳೆದಿದೀನಿ ಗೊತ್ತಾ ಮೇಡಂ?” ಎನ್ನುತ್ತ, ಹೊದಿಕೆ ಸುಲಿದ ಎಳೆಯನ್ನು ತುಟಿಗಳ ನಡುವೆ ಕಚ್ಚಿಕೊಂಡು ಎರಡೂ ಕೈಗಳಿಂದ ಕಟರ್ ಹುಡುಕಿದ. ಹುಡುಕುವಾಗಲಾದರೂ ಬಾಯಿ ಮುಚ್ಚಿಕೊಂಡಿದ್ದನೇ? ಇಲ್ಲ. ಮಾತಿನ ಮಧ್ಯೆ ಎಳೆ ಲಟಕ್ಕೆಂದು ಮುರಿಯಿತು.

ನಾದಿನಿ ಅದನ್ನು ಕಂಡಳು. “ಭಾವ, ಉಗುಳಿ! ನುಂಗಬೇಡಿ!”

“ಏನೂ ಆಗಿಲ್ಲ, ಸುಮ್ನಿರು,” ಎಂದ ಅವನು. ಮರುಗಳಿಗೆಯೇ ಮುಖ ಸೊಟ್ಟಗಾಯಿತು, ಕಣ್ಣಲ್ಲಿ ನೀರು ಬಂತು. ಮ್ಯಾನೇಜರಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ನಾದಿನಿ ಅವನನ್ನು ಬಚ್ಚಲಿಗೆ ಎಳೆದೊಯ್ದು ಬಾಯಿ ತೊಳೆಸಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವನು ನಾಲಿಗೆ ಹೊರಚಾಚಿಕೊಂಡೇ ಕೂತಿದ್ದ. ಅವಳಿಗೆ ಕನಿಕರ ಬರಲಿಲ್ಲ; ಬರಲಿ ಎಂದು ಅವಳು ಕಾಯಲೂ ಇಲ್ಲ.

ವೈದ್ಯರು ದೀಪವನ್ನು ಓರೆ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ಹುಡುಕಿ, ಕೊನೆಗೆ ಚಿಮುಟದಿಂದ ತುಣುಕನ್ನು ಎಳೆದರು. “ಗಂಟಲಿಗೆ ಇಳಿದಿದ್ರೆ ಏನು ಗತಿ? ಗಾಯ ಮಾಯೋವರೆಗೂ ಮಾತಾಡಬೇಡಿ,” ಎಂದು ಗದರಿದರು.

ಅಕ್ಕನ ಮನೆಗೆ ಬಂದ ಭಾಗ್ಯವೇ ಭಾಗ್ಯ! ವಿಚಾರಿಸಲು ಹೋದ ತಂಗಿಗೆ ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದಳು: “ನಮ್ಮ ಗಡಿಯಾರ ಇಷ್ಟು ಜೋರಾಗಿ ಸದ್ದು ಮಾಡುತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣೇ.”

ಆದರೆ ಇಂಥವರು ಬಿದ್ದರೂ ಮೆತ್ತೆಯ ಮೇಲೇ ಬೀಳುತ್ತಾರೆ. ಮ್ಯಾನೇಜರಮ್ಮನ ದೂರಿನಿಂದ ಕಂಪನಿಗೆ ಸುರಕ್ಷತೆಯ ನೆನಪಾಯಿತು. ಹೊಸಬರಿಗೆಲ್ಲ ತರಬೇತಿ ಎಂದರು. ಕಲಿಸುವವರು ಯಾರು? ಅನುಭವಸ್ಥರು. ಪೆಟ್ಟು ತಿಂದ ಅನುಭವ ಊದಪ್ಪನಿಗಲ್ಲದೆ ಇನ್ಯಾರಿಗಿತ್ತು!

ಮೊದಲ ತರಗತಿಯಲ್ಲಿ ಹಳಬರೂ ಕೂರಬೇಕೆಂಬ ಆಜ್ಞೆಯಿತ್ತು. ಇಸ್ತ್ರಿ ಅಂಗಿ ತೊಟ್ಟು ನಿಂತ ಊದಪ್ಪ ಗಂಟಲು ಸರಿಮಾಡಿಕೊಂಡ. “ನಮ್ಮ ತಂಡದಲ್ಲೇ ಒಬ್ಬಳು ಹುಡುಗಿ. ಅಜಾಗರೂಕತೆ ನೋಡಿ, ಎಳೇನ ಬಾಯಲ್ಲಿ ಕಚ್ಕೊಂಡುಬಿಟ್ಲು. ನಾನು ಇದ್ದಿದ್ದಕ್ಕೆ ಬಚಾವಾದ್ಲು.”

ನಾದಿನಿ ಎದ್ದು ನಿಂತಳು. “ಭಾವ, ಸ್ವಲ್ಪ ನಾಲಿಗೆ ತೋರ್ಸಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಮುಂದಿನ ಸಾಲಿಗೂ ಹಬ್ಬಿತು. ಊದಪ್ಪ ಚಾಕ್ ಹಿಡಿದು ಬೋರ್ಡಿನ ಕಡೆ ತಿರುಗಿ, ಅಲ್ಲಿ ಏನೂ ಬರೆಯದೆ ನಿಂತ.

ಮರುದಿನವೇ ಅವಳು ಬೇರೆ ತಂಡಕ್ಕೆ ವರ್ಗ ಕೇಳಿ ಪಡೆದಳು. ಊದಪ್ಪ ತರಬೇತುದಾರನಾಗಿಯೇ ಉಳಿದ. ಆ ಕಥೆಯನ್ನು ಮಾತ್ರ ಮತ್ತೆ ಹೇಳಲಿಲ್ಲ.

ತರಗತಿ ನಡೆದ ದಿನವೇ ಸಂಜೆ ಅಕ್ಕ ಫೋನಿನಲ್ಲಿ ಬೆಂಕಿ ಕಾರಿದಳು. “ನಾಲ್ಕು ಜನರ ಮುಂದೆ ನನ್ನ ಗಂಡನ ಮರ್ಯಾದೆ ತೆಗೆದೆಯಲ್ಲೇ! ನಿಂಗೆ ಸಂಬಂಧ ಅನ್ನೋದು ಬೇಡ್ವಾ?” ಬೈದು ಬೈದು ದಣಿದ ಮೇಲೆ ಅಕ್ಕ ದನಿ ತಗ್ಗಿಸಿ ಕೇಳಿದಳು:

“ಎಲ್ರೂ ನಕ್ಕರೇನೇ?”