ಗಿರಿಜಕ್ಕನ ಲೋಬಾನದ ಡಬ್ಬಿ

ಗಿರಿಜಕ್ಕ ಬರುವುದಕ್ಕಿಂತ ಮೊದಲು ಅವರ ವಾಸನೆ ಬರುತ್ತಿತ್ತು. ಸೆರಗು, ತಲೆಕೂದಲು, ಅಂಗೈ, ಕೊನೆಗೆ ಅವರು ಡಬ್ಬಿಯಲ್ಲಿ ತಂದುಕೊಡುವ ಚಕ್ಕುಲಿಗೂ ಲೋಬಾನದ ಹೊಗೆಯ ಪರಿಮಳ. ಆಗ ನಾಲ್ಕು ವರ್ಷದವಳಾಗಿದ್ದ ನನ್ನ ಮಗಳು ಸಿರಿ ಮೂಗು ಅರಳಿಸಿ, "ಅಮ್ಮಾ, ಹೊಗೆಯಜ್ಜಿ ಬಂದ್ರು" ಎಂದು ಕೂಗುತ್ತಿದ್ದಳು. ಅವಳು ಕೂಗಿದ ಎಷ್ಟೋ ಹೊತ್ತಿನ ಮೇಲೆ ಬಾಗಿಲಲ್ಲಿ ಗಿರಿಜಕ್ಕ ಕಾಣಿಸುತ್ತಿದ್ದರು.

ಕೊಪ್ಪದಲ್ಲಿ ನಾವು ಬಾಡಿಗೆಗಿದ್ದದ್ದು ಐದು ಮನೆಗಳ ಒಂದು ಸಾಲಿನಲ್ಲಿ. ನಮ್ಮದು ಮೂರನೆಯದು, ಗಿರಿಜಕ್ಕನದು ಕೊನೆಯದು. ಅರವತ್ತು ದಾಟಿದ ಒಂಟಿ ಜೀವ. ಬಾಣಂತಿಯರಿಗೆ ಎರೆಯುವುದು, ಎಳೆಮಕ್ಕಳನ್ನು ಮೀಯಿಸುವುದು ಅವರ ಕೆಲಸ. ಕೆಲಸ ಎಂದು ಯಾರಾದರೂ ಅಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. "ಕೆಲಸ ಎಂತದು ಮಾರಾಯ್ತಿ? ನಿಮ್ಮನೇಲಿ ಕೂಸಿದೆ, ನಂಗೆ ಎರಡು ಕೈ ಇದೆ, ಅಷ್ಟೇ" ಎನ್ನುತ್ತಿದ್ದರು.

ಕಾಲು ನೀಡಿ ಮಣೆಯ ಮೇಲೆ ಕೂತು, ಮೊಣಕಾಲಿಂದ ಪಾದದವರೆಗಿನ ಇಳಿಜಾರಿನಲ್ಲಿ ಮಗುವನ್ನು ಮಲಗಿಸಿ ನೀರು ಹೊಯ್ಯುವಾಗ ಅವರು ಊರಿನ ವರದಿಯನ್ನೆಲ್ಲ ಮಗುವಿಗೇ ಒಪ್ಪಿಸುತ್ತಿದ್ದರು. ಯಾರ ಮನೆಯಲ್ಲಿ ಜಗಳ, ಯಾರ ಹುಡುಗಿಗೆ ನೆಂಟಸ್ತಿಕೆ ಬಂದಿದೆ, ಎಲ್ಲ. ನನಗೆ ಊರ ಸುದ್ದಿ ತಿಳಿಯುತ್ತಿದ್ದದ್ದು ಹಾಗೆಯೇ. ಮಿಂದಾದ ಮೇಲೆ ಅಗ್ಗಿಷ್ಟಿಕೆಯ ಕೆಂಡಕ್ಕೆ ಚಿಟಿಕೆ ಲೋಬಾನ ಉದುರಿಸಿ, ಆ ಹೊಗೆಗೆ ಮಗುವಿನ ತಲೆ, ಬೆನ್ನು, ಅಂಗಾಲು ಹಿಡಿಯುತ್ತಿದ್ದರು. ಲೋಬಾನ ಇರುತ್ತಿದ್ದದ್ದು ಬಣ್ಣ ಹೋದ ಹಳೆಯ ಪೌಡರ್ ಡಬ್ಬಿಯಲ್ಲಿ. ಆಗಾಗ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಅವರ ಅಭ್ಯಾಸ. ಅರ್ಧಕ್ಕಿಂತ ಕಡಿಮೆ ಅನಿಸಿದರೆ ಎಂಥ ಬಿಸಿಲಿದ್ದರೂ ಪೇಟೆಗೆ ನಡೆದರು ಎಂದೇ ಲೆಕ್ಕ. "ಕೂಸಿದ್ದ ಮನೇಲಿ ಲೋಬಾನ ಮುಗೀಬಾರ್ದು" ಎನ್ನುವ ಮಾತನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಬಸರೀಕಟ್ಟೆಯ ಕಡೆಯವರೊಬ್ಬರು ಬಾಣಂತನಕ್ಕೆಂದು ಜೀಪು ಕಳಿಸಿದ್ದಾಗ, ಡಬ್ಬಿ ಮರೆತು ಬಂದೆ ಎಂದು ಅರ್ಧ ದಾರಿಯಿಂದ ಜೀಪು ತಿರುಗಿಸಿಕೊಂಡು ಬಂದಿದ್ದರು. ಡ್ರೈವರ್ ಗೊಣಗಿದ್ದಕ್ಕೆ, "ನೀನು ಪೆಟ್ರೋಲ್ ಇಲ್ದೆ ಹೊರಡ್ತೀಯನಾ?" ಎಂದು ಕೇಳಿದ್ದರಂತೆ.

ನನ್ನ ಎರಡನೆಯ ಮಗು, ಪುಟ್ಟ, ಐದು ತಿಂಗಳಿನವನಾಗಿದ್ದ ಚಳಿಗಾಲದಲ್ಲಿ ಕಡಲಿನಲ್ಲಿ ಎಲ್ಲೋ ಸೈಕ್ಲೋನ್ ಎದ್ದು ನಮ್ಮ ತಲೆಯ ಮೇಲೆ ಮಳೆ ಸುರಿಯತೊಡಗಿತು. ಮಳೆಗಾಲದ ಮಳೆಗೆ ನಾವು ತಯಾರಾಗಿರುತ್ತೇವೆ. ಮೈ ಕೊರೆಯುವ ಚಳಿಯ ಜೊತೆ ಬರುವ ಈ ಗಾಳಿಮಳೆಗೆ ಯಾರೂ ತಯಾರಿರುವುದಿಲ್ಲ. ಮೊದಲ ದಿನವೇ ಕರೆಂಟು ಹೋಯಿತು. ನನ್ನ ಗಂಡ ಲೈನ್‌ಮನ್. ಊರಿನವರಿಗೆಲ್ಲ ಬೆಳಕು ಕೊಡಲು ನರಸಿಂಹರಾಜಪುರದ ದಾರಿಯಲ್ಲಿ ಬಿದ್ದ ಕಂಬಗಳ ಹಿಂದೆ ಹೋದವರು ಮೂರು ದಿನ ಮನೆಯ ಕಡೆ ತಲೆ ಹಾಕಲಿಲ್ಲ. ಫೋನು ಸತ್ತಿತ್ತು. ಅಂಗನವಾಡಿ ಇಲ್ಲದ ಸಿರಿ ಒಂದೇ ಕೋಣೆಯಲ್ಲಿ ಕುಣಿದು ಕುಣಿದು, ಬಿದ್ದು, ಅತ್ತು, ಮತ್ತೆ ಕುಣಿಯುತ್ತಿದ್ದಳು. ಡೈಪರ್ ಹಾಕಿದರೆ ಪುಟ್ಟನ ತೊಡೆಯೆಲ್ಲ ಕೆಂಪಾಗುತ್ತಿತ್ತು. ಬಟ್ಟೆಯೇ ಗತಿ. ಒಗೆದ ಒಂದೂ ಒಣಗಲಿಲ್ಲ. ನನ್ನ ಬಾಯಿ ಮೊದಲೇ ಸ್ವಲ್ಪ ಜೋರು. ಆ ದಿನಗಳಲ್ಲಿ ಗೋಡೆಯ ಮೇಲೂ ರೇಗುತ್ತಿದ್ದೆ.

ಗಿರಿಜಕ್ಕ ಅಗ್ಗಿಷ್ಟಿಕೆ ಹೊತ್ತು ಬಂದರು. ಗಾಳಿ ನುಗ್ಗುತ್ತದೆಂದು ಬಾಗಿಲು, ಕಿಟಕಿ ಭದ್ರ ಮಾಡಿ, ಕೆಂಡದ ಮೇಲೆ ಬಿದಿರಿನ ಕುಕ್ಕೆ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವಿ ಒಣಗಿಸಿದರು. ಪುಟ್ಟ ಕೆಮ್ಮಲು ಶುರುಮಾಡಿದ. "ಥಂಡಿ ಏರಿದೆ" ಎಂದು ಇನ್ನೊಂದು ಚಿಟಿಕೆ ಲೋಬಾನ ಹಾಕಿದರು. ಅವನು ಮತ್ತೂ ಕೆಮ್ಮಿದ. ಮತ್ತೊಂದು ಚಿಟಿಕೆ ಬಿತ್ತು. ನಾನು ಅಲ್ಲೇ ಕೂತು ನೋಡುತ್ತಿದ್ದೆ, ಬೇಡ ಅನ್ನಲಿಲ್ಲ. ಬಟ್ಟೆ ಬೆಚ್ಚಗೆ ಒಣಗಿ ಬರುತ್ತಿದ್ದದ್ದೇ ನನಗೆ ಸ್ವರ್ಗ ಸಿಕ್ಕಂತಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಪುಟ್ಟನ ಎದೆಯಿಂದ ಸುಂಯ್ ಎನ್ನುವ ಸದ್ದು ಬರತೊಡಗಿತು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಸಿರಿಯನ್ನು ಗಿರಿಜಕ್ಕನ ಬಳಿ ಬಿಟ್ಟು ಆಟೋದಲ್ಲಿ ಆಸ್ಪತ್ರೆಗೆ ಓಡಿದೆ. ಡಾಕ್ಟರು ಮಗುವನ್ನು ಮುಟ್ಟುವ ಮೊದಲೇ ನನ್ನ ಸೀರೆಯ ವಾಸನೆ ಹಿಡಿದು, "ಮನೇಲಿ ಹೊಗೆ ಹಾಕ್ತೀರಾ?" ಎಂದು ಕೇಳಿದರು. ಮುಖಕ್ಕೆ ಮಾಸ್ಕಿಟ್ಟು ಔಷಧಿಯ ಆವಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂತು. ನಾಳೆ ಮತ್ತೆ ತೋರಿಸಿ, ಹೊಗೆ ಮಾತ್ರ ಹತ್ತಿರಕ್ಕೂ ಬೇಡ ಎಂದು ಕಳಿಸಿಕೊಟ್ಟರು.

ಮನೆಗೆ ಬಂದರೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಮಗು ತಣ್ಣಗಾಗಿ ಬರುತ್ತದೆಂದು ಗಿರಿಜಕ್ಕ ಕೋಣೆ ಬೆಚ್ಚಗೆ ಮಾಡಿ, ಹೊಗೆ ತುಂಬಿಸಿ ಕಾಯುತ್ತಿದ್ದರು. ನನ್ನ ನಾಲಿಗೆ ಹಿಡಿತ ತಪ್ಪಿತು. "ಸಾಕು ಮಾಡಿ ಗಿರಿಜಕ್ಕ! ನನ್ನ ಮಗೂನ ಕೊಂದೇ ಬಿಡ್ತಿದ್ರಿ ನೀವು!" ಎಂದುಬಿಟ್ಟೆ.

ಅವರು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದು ಮಳೆಯಲ್ಲಿಟ್ಟರು. ಕೆಂಡ ಚುಂಯ್ ಎಂದು ಆರಿತು. ಒಳಗೆ ಬಂದು ಕಿಟಕಿಗಳನ್ನೆಲ್ಲ ತೆಗೆದು, ಒದ್ದೆ ಬಟ್ಟೆಗಳನ್ನು ಗಟ್ಟಿಯಾಗಿ ಹಿಂಡಿ, ಒಂದೊಂದನ್ನೇ ತಮ್ಮ ಸೊಂಟದ ಸುತ್ತ ಸೀರೆಯೊಳಗೆ ಸಿಕ್ಕಿಸಿಕೊಂಡರು. ಮೈಯ ಬಿಸಿಗೆ ಒಣಗಲಿ ಎಂದು. ಆ ಚಳಿಯಲ್ಲಿ ಅವರ ತುಟಿ ನಡುಗುತ್ತಿತ್ತು.

ಸಂಜೆ ಪುಟ್ಟ ಮಲಗಿದ್ದಾಗ ಮೆಲ್ಲಗೆ ಕೇಳಿದರು: "ನಾಳೆ ಡಾಕ್ಟ್ರ ಹತ್ರ ಹೋದಾಗ ಒಂದು ಮಾತು ಕೇಳ್ತೀಯನಾ?"

ಅವರಿಗೊಂದು ಮಗುವಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಅಡ್ಡಗದ್ದೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಗ, ಇಂಥದೇ ಚಳಿಯ ಗಾಳಿಮಳೆಯಲ್ಲಿ, ಏಳು ತಿಂಗಳ ಹೆಣ್ಣುಮಗು ಕೆಮ್ಮಿ ಕೆಮ್ಮಿ ಹೋಯಿತಂತೆ. "ಕೆಮ್ಮಿದಷ್ಟೂ ಹಾಕಿದೆ ಮಾರಾಯ್ತಿ. ಎರಡನೇ ದಿನಕ್ಕೆ ಲೋಬಾನ ಮುಗ್ದೋಯ್ತು. ಹಳ್ಳ ಬಂದಿತ್ತು, ಅಂಗಡಿಗೆ ಹೋಗೂಕಾಗಲಿಲ್ಲ. ಲೋಬಾನ ಮುಗ್ದಿದ್ದಕ್ಕೇ ಕೂಸು ಹೋಯ್ತು ಅಂದ್ಕೊಂಡಿದ್ದೆ ಇಷ್ಟು ವರ್ಷ." ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯೊಂದನ್ನು ಮುಟ್ಟಿ ನೋಡುತ್ತಾ, "ಹೊಗೆಯಿಂದ್ಲೇ ಹೋಗಿದ್ದಾ ಅಂತ ಕೇಳು" ಎಂದರು.

ಮರುದಿನ ಕೇಳಿದೆ. "ಉಸಿರು ಕಟ್ಟಿದ ಮಗುವಿಗೆ ಮುಚ್ಚಿದ ಕೋಣೇಲಿ ಹೊಗೆ ಅಂದ್ರೆ ಅಪಾಯವೇ. ಆದ್ರೆ ಆ ಮಗುವಿಗೆ ಏನಾಗಿತ್ತು ಅಂತ ನೋಡದೆ ಹೇಗೆ ಹೇಳ್ಲಿ?" ಎಂದರು ಡಾಕ್ಟರು. ದಾರಿಯುದ್ದಕ್ಕೂ ಆ ಎರಡು ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಮನೆಗೆ ಬಂದು, "ಕೇಳಿದೆ ಗಿರಿಜಕ್ಕ. ಹೊಗೆಯಿಂದ ಹಾಗೆಲ್ಲ ಆಗಲ್ಲ, ಬೇರೆ ಏನೋ ಇದ್ದಿರ್ಬೇಕು ಅಂದ್ರು" ಎಂದೆ. ಅವರು "ಹೌದನಾ" ಎಂದು ಎದ್ದು ಸಿರಿಗೆ ಅನ್ನ ಕಲಸಿದರು. ಹಿಂದಿನ ದಿನ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಇದ್ದೆ. ಸುಳ್ಳು ಹೇಳಿದ ಬಾಯಲ್ಲಿ ಅದು ಹೊರಡಲಿಲ್ಲ.

ಮರುವರ್ಷ ನಾವು ಶೃಂಗೇರಿಗೆ ಮನೆ ಬದಲಿಸಿದೆವು. ಗಿರಿಜಕ್ಕ ಶೆಟ್ಟಿಕೊಪ್ಪದಲ್ಲಿದ್ದ ತಂಗಿಯ ಮಗಳ ಮನೆ ಸೇರಿದರು. ಈಗ ಅವರಿಲ್ಲ; ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಮೊದಲು, ಮತ್ತೊಂದು ಗಾಳಿಮಳೆ ಬಿಟ್ಟ ಮಾರನೆಯ ದಿನ, ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಆ ಮನೆಯಲ್ಲೂ ಎಳೆಯ ಮಗುವಿತ್ತು. ಗಿರಿಜಕ್ಕನ ಸೊಂಟದ ಸುತ್ತ ನಾಲ್ಕೈದು ಒದ್ದೆ ಬಟ್ಟೆ. ಪೌಡರ್ ಡಬ್ಬಿ ಕಿಟಕಿಯಲ್ಲಿತ್ತು. ಸಿರಿ ಅಲ್ಲಾಡಿಸಿದಾಗ ಒಳಗೆ ಪಿನ್ನುಗಳ ಸದ್ದು. ಪುಟ್ಟನನ್ನು ಹತ್ತಿರ ಕರೆದು, ಅಂಗಿ ಎತ್ತಿ, ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಅವನು ಕಚಗುಳಿಯಾಗಿ ನಗುತ್ತಿದ್ದ.

"ಈಗ ಯಾವ ಮನೇಲೂ ಹೊಗೆ ಹಾಕಲ್ವಾ ಗಿರಿಜಕ್ಕ?" ಎಂದು ಕೇಳಿದೆ.

"ಆವತ್ತಿಂದ ಇಲ್ಲ" ಎಂದರು. ಪುಟ್ಟನ ಅಂಗಿ ಸರಿಮಾಡುತ್ತಾ, "ಆವತ್ತು ಡಾಕ್ಟ್ರು ಅಂದಿದ್ದು ಅಂತ ಬಂದು ಹೇಳ್ದಾಗ ನೀನು ಮಡಚಿದ ಬಟ್ಟೇನೇ ಮತ್ತೆ ಮತ್ತೆ ಮಡಚ್ತಿದ್ದೆ. ನನ್ನ ಮುಖ ನೋಡ್ಲಿಲ್ಲ ನೀನು" ಎಂದರು. ಅವರೇ ನನ್ನ ಕೈ ಹಿಡಿದರು. "ಆದ್ರೂ ಹೇಳಿದ್ಯಲ್ಲ ಮಾರಾಯ್ತಿ. ನಿದ್ದೆ ಬರದಿದ್ದಾಗ ಅದನ್ನೇ ನೆನೆಸ್ಕೊಳ್ತೀನಿ."

ಹೊರಡುವಾಗ ಕಾಲಿಗೆ ಬಿದ್ದೆ. ಎದ್ದಾಗ ತಬ್ಬಿಕೊಂಡರು. ಅವರ ಸೆರಗಿಗೆ ಮೂಗು ತಾಗಿತು. ಬರೀ ಸೋಪಿನ ವಾಸನೆ.